ಸ್ಟೆಪ್ನಿ

ವಳಸಂಗ ದಾಟಿದ ಮ್ಯಾಲ
ರಸ್ತೆದ ಬೈಗುಳ ಮತ್ತ ತಿಳಿಲಿಕ್ಕ ಹತ್ತಿದ್ವು.
ಐದು ತಿಂಗಳು ಹನ್ನೊಂದು ದಿನ
ಯಾರು ಏನಂದ್ರೂ ನಕ್ಕು ಮುಂದ ಹೋಗಿದ್ವಿ;
ಈಗ ಒಬ್ಬ ಎಮ್ಮಿ ಹೊಡಕೊಂಡು ಹೊಂಟಾವ
ನಮ್ಮವ್ವನ ತನಕ ಹೋಗಿ ಬೈದ.
ಮಹಾನಂದಾ ಕಿಟಕಿ ಗಾಜು ಇಳಿಸಿ
ಪೂರಾ ಕೇಳಿಸ್ಕೊಂಡಳು.
"ನಮ್ಮ ಕಡಿ ಬಂತು ನೋಡ್ರಿ" ಅಂದ್ಲು.

ಸ್ಟೆಪ್ನಿ ತಲಿ ಎತ್ತಲಿಲ್ಲ.
ಆಕಿಗೆ ಇದು ಯಾರ ಕಡಿಯೂ ಅಲ್ಲ.
ಝಾನ್ಸಿ ಹೊರಗ ಒಂದು ಪೆಟ್ರೋಲ್ ಪಂಪಿನ್ಯಾಗ
ಪಂಚರ್ ಆತಂತ ಕೆಳಗ ಬಗ್ಗಿದರ
ಹೆಚ್ಚಿನ ಗಾಲಿಗೆ ಬೆನ್ನು ಹಚ್ಚಿ ಮಲಗಿದ್ದಳು,
ಕಿವಿ ಒಂದು ಹರದು.
ಕರದೆ, ಬರಲಿಲ್ಲ.
ಗಾಡಿ ಬಿಟ್ಟರ ಬೆನ್ನು ಹತ್ತಿದಳು.
ಹಿಂಗಾಗಿ ಆ ಹೆಸರು.

ಗಾಡಿದೊಂದು ಕತಿ.
ಲಿಲಾವಿನ್ಯಾಗ ತಗೊಂಡ ಸರಕಾರಿ ಅಂಬುಲೆನ್ಸು.
ಸ್ಟ್ರೆಚರ್ ಇದ್ದಲ್ಲಿ ಮಂಚ,
ಸಲೈನ್ ಕೊಕ್ಕಿಗೆ ಚಹಾದ ಸೋಸಣಿಗಿ,
ಆಕ್ಸಿಜನ್ ಇಡು ಗೂಡಿನ್ಯಾಗ ಜ್ವಾಳದ ಹಿಟ್ಟು.
ಮೂರು ಸಲ ಹಸರು ಬಣ್ಣ ಹೊಡದ್ರೂ
ಮೂತಿ ಮ್ಯಾಲಿನ ಉಲ್ಟಾ ಅಕ್ಷರ
ಬಿಸಲಿಗೆ ಹೊರಗ ಬರ್ತಾವ.

ಮೂವತ್ತೊಂದು ವರ್ಷ ಎಸ್‌ಟಿ ಡಿಪೋದಾಗ
ಬಸ್ಸಿನ ಹೊಟ್ಟಿ ಕೆಳಗ ಅಂಗಾತ ಮಲಗಿದಾವ ನಾನು.
ನೋಡಿದ ಊರೆಲ್ಲಾ ಬೋರ್ಡಿನ ಮ್ಯಾಲ,
ಅದೂ ಬಸ್ಸು ಹೊರಗ ಹೋಗುವಾಗ, ಹಿಂದಿನಿಂದ.
ಗ್ರಾಚ್ಯುಟಿ ಬಂದಾಗ ಮಗಳು ಪ್ಲಾಟ್ ತಗೋ ಅಂದಿದ್ಲು.
ಆ ಮಾತು ಆಮ್ಯಾಲ.

ನಾಗಣಸೂರಿನ ಓಣಿಗೆ ಗಾಡಿ ಹೊಳ್ಳಿದ್ದ ತಡ
ಮಂದಿ ಓಡಿ ಬಂದ್ರು:
"ಯಾರಿಗೇನಾತು?"
ಹಿಂದಿನ ಬಾಗಲಾ ತಗದು ಮಹಾನಂದಾ ಇಳಿದಳು,
ಕೈಯಾಗ ಕಸಬರಿಗಿ.
ಯಾರಿಗೂ ಏನೂ ಆಗಿರಲಿಲ್ಲ.
ಕಲಶೆಟ್ಟಿ ಮುದುಕ
ಒಂದೀಟು ನಿರಾಶೆಯಿಂದ ಬೀಡಿ ಹಚ್ಚಿದ.
ಉಳಿದವರು ಕೇಳಿದ್ದು ಒಂದ ಮಾತು:
"ಡೀಸೆಲ್ ಎಷ್ಟಾತು?"

ಮನಿ ಕೀಲಿ ತಗಿಯೂಕಿಂತ ಮೊದಲ ಆಕಿ ಗಾಡಿ ಗುಡಿಸಿದಳು.
ಕಚ್ಛದ ಉಪ್ಪು, ಪುರಿಯ ಉಸುಕು,
ಎಲ್ಲಿದೋ ಪೈನ್ ಗಿಡದ ಸೂಜಿ,
ಸ್ಟೆಪ್ನಿಯ ಬಿಳಿ ಕೂದಲು,
ಎಲ್ಲಾ ಒಂದ ಮೊರದಾಗ ಬಂತು.
ನಾನು ಒಂದು ಡಬ್ಬಿ ಹುಡುಕಿ ತರೂದ್ರಾಗ
ಗಟಾರಕ್ಕ ಚೆಲ್ಲಿ ಕೈ ಝಾಡಿಸ್ತಿದ್ದಳು.
"ಏನು ನೋಡ್ತೀರಿ, ಕಸ."

ಕೀಲಿ ತುಕ್ಕು ಹಿಡಿದಿತ್ತು, ಎಣ್ಣಿ ಬಿಟ್ಟೆ.
ಒಳಗ ಕ್ಯಾಲೆಂಡರು ಶ್ರಾವಣದಾಗ ನಿಂತಿತ್ತು.
ನನ್ನ ಕುರ್ಚಿ ಮ್ಯಾಲಿಂದ ಹಲ್ಲಿಯೊಂದು
ಅಗದಿ ಸಾವಕಾಶ ಎದ್ದು ಹೋತು.

ಸ್ಟೆಪ್ನಿ ಹೊಸ್ತಿಲಾ ಮೂಸಿದಳು.
ಒಂದು ಕಾಲು ಒಳಗ ಇಟ್ಟು
ನೆಲ ಅಳ್ಳಾಡ್ತದೇನು ಅಂತ ಕಾದಳು.
ಅಳ್ಳಾಡಲಿಲ್ಲ.
ಹೊಳ್ಳಿ ಹೋಗಿ ಗಾಡಿ ಕೆಳಗ ಕೂತಳು.
ಮಹಾನಂದಾ ರೊಟ್ಟಿ ತೋರಿಸಿ ಕನ್ನಡದಾಗ ಕರದಳು,
ಇಂಗಳೆ ಮಾವಶಿ ಮರಾಠಿಯೊಳಗ,
ನಾನು ಝಾನ್ಸಿಯ ಹಿಂದಿಯೊಳಗ.
ಬಾಲ ಮೂರೂ ಮಂದಿಗೆ ಅಳ್ಳಾಡಿತು.
ಆಕಿ ಬರಲಿಲ್ಲ.

ರಾತ್ರಿ ನಿದ್ದಿ ಹತ್ತವಲ್ದು.
ಕಿಟಕ್ಯಾಗಿಂದ ನೋಡಿದ್ರ
ಓಣಿ ನಾಯಿ ಆರೇಳು ಬಂದು
ಟೈರು ಓದಲಿಕ್ಕ ಹತ್ತಿದ್ವು.
ಒಂದು ಸಾಲು ಬಿಡದಂಗ, ಮೂಗು ಹಚ್ಚಿ:
ಮಾರವಾಡದ ಒಂಟಿ, ಹಿಮದಾಗ ಸತ್ತ ಕುರಿ,
ಬಂಗಾಲದ ಮೀನಿನ ಪ್ಯಾಟಿ,
ಊರೂರಿಗೆ ಕಾಲೆತ್ತಿ ಸಹಿ ಮಾಡಿ ಕಳಿಸಿದ
ಹೆಸರಿಲ್ಲದ ಮಂದಿ.
ಸ್ಟೆಪ್ನಿ ಮೊದಲ ಗುರ್ ಅಂದಳು.
ಆಮ್ಯಾಲ ಒಂದೀಟು ಸರದು
ಮುಂದಿನ ಎಡಗಾಲಿಯನ್ನೂ ಬಿಟ್ಟುಕೊಟ್ಟಳು.

ನಸುಕಿನ್ಯಾಗ ಮಹಾನಂದಾ
ಕಣ್ಣು ತಗೀದನ, ದಿನಾ ಕೇಳಿದಂಗ ಕೇಳಿದಳು:
"ಇದ್ಯಾವ ಊರ್ರೀ?"
"ನಾಗಣಸೂರು."
"ನೀರು ಸಿಗ್ತದೇನು ಇಲ್ಲಿ?"
"ಸಿಗ್ತದ. ನಾಕು ದಿನಕ್ಕೊಮ್ಮಿ. ಇವತ್ತಲ್ಲ."
ಹೂಂ ಅಂದು ಮಗ್ಗಲಾ ಬದಲಿಸಿದಳು.
"ಹಂಗಾರ ಬೆಳಗಾದ ಮ್ಯಾಲ ಬಿಡೂಣು."