ಹಿಪ್ಪೆ

ಪಾಷಾಣ್ ರಸ್ತೆಯ ರಸವಂತಿಯಲ್ಲಿ
ಗಾಣದ ಗೆಜ್ಜೆ ನಿಂತ ಮೇಲೆ
ಇಂಗವಲೆ ಮಾಮಾ ನನಗೆಂದು ಎತ್ತಿಡುತ್ತಾನೆ
ಒಂದು ಗೋಣಿ ಹಿಪ್ಪೆ.
‘ಎಷ್ಟು ಲೀಟರು ಕೊಡುತ್ತೆ ನಿಮ್ಮೆಮ್ಮೆ?’
ದಿನಾ ಇದೇ ಪ್ರಶ್ನೆ.

ಅರೆದ ಹಿಪ್ಪೆಗೆ ಚಿಟಿಕೆ ಬೋರಿಕ್ ಪುಡಿ,
ಹಾಸ್ಟೆಲಿನ ಕೇರಂ ಹಲಗೆಗೆ ಉದುರಿಸುತ್ತಿದ್ದೆವಲ್ಲ, ಅದೇ.
ಸಾವಿರದಿನ್ನೂರು ಡಿಗ್ರಿಯ ಕುಲುಮೆಯಲ್ಲಿ
ಕಬ್ಬು ಸಿಹಿ ಮರೆತು ಕರಿಯಾಗುತ್ತದೆ.

ಸುತ್ತಲಿನ ಇಂಗಾಲಕ್ಕಿಂತ
ಬೋರಾನಿಗೆ ಒಂದು ಎಲೆಕ್ಟ್ರಾನ್ ಕಡಿಮೆ.
ಆ ಕೊರತೆಯ ಮಗ್ಗುಲಲ್ಲೇ
ಬಂದು ಕೂರುತ್ತದೆ ಸೋಡಿಯಂ,
ಗ್ರಾಫೈಟಿನ ಸಂದಿಯಲ್ಲಿ ತೂರಲಾರದ
ದಪ್ಪ ಮೈಯ ಉಪ್ಪಿನ ಕೂಸು.

ಇನ್ನೂರನೇ ಸುತ್ತು. ಗೆರೆ ಇನ್ನೂ ಕುಸಿದಿಲ್ಲ.

ಹೊಳೆಯುವ ಪುಟ್ಟ ಕೋಶವನ್ನು
ಅವನ ಗಲ್ಲಾದ ಮೇಲಿಟ್ಟೆ.
ತಿರುವಿ ನೋಡಿದ, ಕಲ್ಲಿಗೆ ಕುಟ್ಟಿ ಕೇಳಿದ,
ವಾಪಸು ತಳ್ಳಿದ:
‘ಯಾವ ದೇಶದ್ದೋ ಏನೋ,
ಇಲ್ಲಿ ನಡೆಯೊಲ್ಲ ಸಾಹೇಬರೇ.
ಹತ್ತು ರೂಪಾಯಿ ಕೊಡಿ.’