ನೂರಕ್ಕೆ ನಾಲ್ಕು

'ಹೊಸಬರಿಗೆ ಹತ್ತು ಅತ್ಯುತ್ತಮ ಟೆಲಿಸ್ಕೋಪುಗಳು'
ಬರೆದವಳು ನಾನು.
ಒಂದನ್ನೂ ಮುಟ್ಟಿದವಳಲ್ಲ.
ಲಗ್ಗೆರೆಯ ಎರಡನೇ ಮಹಡಿ, ಕಿಟಕಿಗೆ ಎದುರುಮನೆಯ ಗೋಡೆ,
ಗೋಡೆಗೂ ನನಗೂ ನಡುವೆ
ಮೂರಡಿ ಆಕಾಶ.

ಡಬ್ಬದ ಮೇಲಿನ ಮಾತನ್ನೇ ಮಗುಚಿ ಹಾಕುವುದು
ದೋಸೆಯ ಹಾಗೆ, ಇನ್ನೊಂದು ಮಗ್ಗುಲೂ ಕೆಂಪಗಾಗಲೆಂದು.
ಮೊದಲನೆಯದು ದುಬಾರಿ, ಬೆದರಿಸಲು;
ಮೂರನೆಯದು, ಮಾರಬೇಕಾದದ್ದು.
ಒಂದೆರಡು ದೋಷವನ್ನೂ ಹೇಳಬೇಕು, ನಂಬಲಿ ಅಂತ:
'ಚೀಲ ಇನ್ನೂ ಚೆನ್ನಾಗಿರಬಹುದಿತ್ತು.'
ಕೆಳಗೆ, ಮೂವತ್ತು ವರ್ಷ ತಾರೆ ನೋಡಿದ ಹಿರಿಯರೊಬ್ಬರ ಸಹಿ.
ಹೆಸರು ನಾನಿಟ್ಟದ್ದು. ಮುಖ ಕೊಂಡದ್ದು.

ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ.
ಕಾಣದ್ದನ್ನು ಕಂಡಂತೆ ಹೇಳಿದರೆ
ನೂರಕ್ಕೆ ನಾಲ್ಕು,
ಅದರಲ್ಲಿ ಅರ್ಧ ನನಗೆ.

ಮೇಲಿನ ಮನೆಯ ಬೋರಲಿಂಗಯ್ಯ ಪೀಣ್ಯದಲ್ಲಿ ಟರ್ನರ್.
ಕೂದಲೆಳೆ ಸೀಳುವಷ್ಟು ಅಳತೆ ಬೆರಳಲ್ಲೇ ಇದೆ,
ಉಳಿದ ಒಂಬತ್ತರಲ್ಲಿ.
ಏಳರಾಟ ಮುಗಿಯುತ್ತ ಬಂದಿದೆಯಂತೆ;
ಸೈಟು ಹೋಯಿತು, ಬೆರಳು ಹೋಯಿತು, ಹೆಂಡತಿಯ ಓಲೆ ಅಡವು.
'ಏಳು ವರ್ಷ ಬೆನ್ನು ಬಿದ್ದವನ ಮುಖ
ಒಂದ್ಸಲನಾದ್ರೂ ನೋಡ್ಬೇಕಲ್ಲ ಮೇಡಂ, ಎದುರಾಬದುರಾ.'
ಹುಡುಕಿದ್ದಾರೆ, ಓದಿದ್ದಾರೆ, ಮೂರನೆಯದನ್ನೇ ತರಿಸಿದ್ದಾರೆ.
ಆರು ಸಾವಿರದ ಐನೂರು.
'ಶನಿಯ ಉಂಗುರಗಳು ಸುಸ್ಪಷ್ಟ ಅಂತ ಇತ್ತು.'
ಇತ್ತು. ನನಗೆ ಗೊತ್ತು.

ಕಾರ್ತಿಕದ ಶನಿವಾರ, ತಾರಸಿ.
ನೀರಿನ ಟ್ಯಾಂಕಿನ ಪಕ್ಕ ಮೂರು ಕಾಲಿನ ಬಡಕಲು ಪ್ರಾಣಿ;
ಕೆಳಗೊಂದು ಲಾರಿ ಹೋದರೆ ಸಾಕು, ಆಕಾಶವೆಲ್ಲ ನಡುಗುತ್ತದೆ.
ಕಣ್ಣಿಟ್ಟೆ. ಹಬೆ ಹಿಡಿದ ಕನ್ನಡಕದ ಮಬ್ಬು.
ತಿರುಗಿಸಿದಷ್ಟೂ ಜಾರಿ ಜಾರಿ
ಕೊನೆಗೆ ಸಿಕ್ಕ ದೀಪಗಳ ಸಾಲು
ರಿಂಗ್ ರೋಡಿನದು.
'ಉಂಗುರ ಸಿಕ್ತಾ?' ಅಂದರು.
ಸಿಕ್ಕಿತು ಅನ್ನಲೆ?

ಅವರು ಗುಂಡಿ ತಿರುಗಿಸುತ್ತ ಕಿವಿಗೊಟ್ಟರು, ನಾಡಿ ಹಿಡಿದವರ ಹಾಗೆ.
'ತ್ರೆಡ್ಡೇ ಸರಿಯಾಗಿ ಕಚ್ತಿಲ್ಲ.
ಬರೆದೋರು ಈ ಗುಂಡಿ ಒಂದ್ಸಲನೂ ತಿರುಗಿಸಿಲ್ಲ.'
ನನ್ನ ಕಿವಿ ಬಿಸಿ.
ಆಮೇಲೆ ತಾವೇ, 'ಪಾಪ, ವಯಸ್ಸಾದೋರು, ಫೋಟೋ ನೋಡಿದೆ.
ಕಣ್ಣಿಗೆ ಪೊರೆ ಬಂದಿರ್ಬೇಕು.'

'ವಾಪಸ್ ಕಳಿಸಿ,' ಅಂದೆ, 'ಇನ್ನೆರಡು ದಿನ ಇದೆ.'
ಅದು ಪ್ರಾಮಾಣಿಕತೆಯೋ,
ನೂರಮೂವತ್ತು ರೂಪಾಯಿ ಬಿಟ್ಟುಕೊಟ್ಟ ಜಂಬವೋ.
ಬರೆದವಳು ನಾನೇ ಎಂಬುದು ಮಾತ್ರ
ಗಂಟಲಿನ ತ್ರೆಡ್ಡಿಗೆ
ಸರಿಯಾಗಿ ಕಚ್ಚಿಕೊಂಡು ನಿಂತಿತು.

ಸೋಮವಾರ ಪಾಳಿ ಮುಗಿಸಿ ಬಂದವರ ಜೇಬಿನಲ್ಲಿ
ಹಿತ್ತಾಳೆಯದೊಂದು ಬುಷ್, ಎರಡು ಸ್ಕ್ರೂ.
ಕಾಲಿಗೆ ಕಟ್ಟಲು ಸಿಮೆಂಟು ಚೀಲದಲ್ಲಿ ಮರಳು.
ಈಗ ನಡುಗುವುದಿಲ್ಲ.
ಕಣ್ಣಿಟ್ಟರೆ, ಕಪ್ಪಿನಲ್ಲಿ,
ಒಂದು ಎಳ್ಳುಕಾಳು.
ಕೊಂಚ ಉದ್ದಕ್ಕೆ ಎಳೆದಂತೆ. ಅಷ್ಟೆ.

ಬಹಳ ಹೊತ್ತು ಬಗ್ಗಿ ನಿಂತಿದ್ದರು.
'ಇಷ್ಟೇನಾ,' ಅಂದರು ಕೊನೆಗೆ,
ಸಾಲ ಕೊಟ್ಟವನ ಮನೆಯೂ
ಬಾಡಿಗೆಯದೆಂದು ತಿಳಿದುಬಂದವರ ಹಾಗೆ.
'ವಾಪಸ್?' ಅಂದೆ.
'ಸ್ಕ್ರೂ ನಂದಲ್ವಾ ಈಗ.'

ಕೆಳಗಿಳಿದು 'ಸುಸ್ಪಷ್ಟ' ಅಳಿಸಿ
'ಎಳ್ಳಿನಷ್ಟು' ಅಂತ ಬರೆದೆ.
ಬೆಳಿಗ್ಗೆ ನೋಡಿದರೆ ಎಚ್‌ಎಸ್‌ಆರ್ ಲೇಔಟಿನ ಯಾರೋ
ಮತ್ತೆ ಸುಸ್ಪಷ್ಟ ಮಾಡಿದ್ದರು,
ಈ ಸಲ ಎರಡು ಆಶ್ಚರ್ಯಚಿಹ್ನೆ ಸಮೇತ.
ಗಡುವು ಮುಗಿದು ನೂರಮೂವತ್ತು ಖಾತೆಗೆ ಬಂತು.

ಮುಂದಿನದು ಕೊಳಲು: ಕಲಿಯುವವರಿಗೆ ಹತ್ತು.
ನಾಲ್ಕನೆಯದರ 'ಬಿದಿರಿನ ಮಧುರ ನಾದ'ಕ್ಕೆ ಬಂದಿದ್ದೇನೆ,
ಅದು ಪ್ಲಾಸ್ಟಿಕ್ಕಿನದು.
ತಲೆಯ ಮೇಲೆ ಮರಳಿನ ಚೀಲ ಎಳೆಯುವ ಸದ್ದು.
ಇವತ್ತು ಗುರುವಾರ.
ಗುರುಬಲ ಹುಡುಕುತ್ತಿರಬೇಕು.