ಬಿಟ್ಟುಹೋಗಿದೆಯೇ, ನೋಡಿ

ಮೈಸೂರು ರಸ್ತೆಯಲ್ಲಿ, ಟೈಲ್ಸ್ ಅಂಗಡಿಯ ಮಹಡಿ ಮೇಲೆ
ಇಂಗ್ಲಿಷಿನಿಂದ ನಾರ್ವೇಜಿಯನ್ನಿಗೆ ಹೋಗುವ ನಿಘಂಟಿನ
ಕರಡು ತಿದ್ದುತ್ತೇನೆ.
ನಾರ್ವೆ ನೋಡಿಲ್ಲ. ಭಾಷೆ ಬರುವುದಿಲ್ಲ.
ಬರದಿದ್ದರೇ ಒಳ್ಳೆಯದು, ಎಂದಿದ್ದರು ಕೆಲಸ ಕೊಟ್ಟ ಸಂಪಂಗಿ ಸಾರ್,
ಅರ್ಥ ಗೊತ್ತಿದ್ದವರು ತಪ್ಪನ್ನು ದಾಟಿಕೊಂಡು ಓದುತ್ತಾರೆ.

ಎಡಕ್ಕೊಂದು ಅಂಕಣ, ಬಲಕ್ಕೊಂದು.
ಸ್ಕೇಲು ಹಿಡಿದು ಸಾಲು ಸಾಲೇ ಇಳಿಯುವವಳು ನಾನು.
ಸೊನ್ನೆಗೆ ಅಡ್ಡಗೀಟು ಹಾಕಿದಂಥ ಒಂದು ಅಕ್ಷರ,
ತಲೆ ಮೇಲೆ ಬಳೆ ಹೊತ್ತ ಒಂದು ಎ.
ಮೊದಲ ತಿಂಗಳು ಹಳೇ ಫಾಂಟು ಅವನ್ನೆಲ್ಲ
ಖಾಲಿ ಡಬ್ಬಿ ಮಾಡಿ ಕಳಿಸುತ್ತಿತ್ತು;
ಫಿಲೋಮಿನಾ ಪರದೆಗೆ ಕಿವಿಯಿಟ್ಟು
ಒಳಗೇನೋ ಅಲ್ಲಾಡುತ್ತಿದೆ ಕಣೇ ಅನ್ನುತ್ತಿದ್ದಳು.

ಗ್ರ್ಯಾಂಡ್‌ಮದರ್ ಬಂದಾಗ ಬಲಗಡೆ ಇಬ್ಬರು ನಿಂತರು:
ಅಪ್ಪನ ಅಮ್ಮ ಫಾರ್‌ಮೂರ್, ಅಮ್ಮನ ಅಮ್ಮ ಮೂರ್‌ಮೂರ್.
ಮೂರ್ಮೂರ್ಲ ಒಂಬತ್ತು, ಎಂದಳು ಫಿಲೋಮಿನಾ.
ನಮ್ಮಲ್ಲಿ ಇಬ್ಬರೂ ಅಜ್ಜಿಯರೇ, ಊರು ಸೇರಿಸಿದರೆ ಮುಗಿಯಿತು,
ಮಾಗಡಿ ಅಜ್ಜಿ, ಕಲಾಸಿಪಾಳ್ಯದ ಅಜ್ಜಿ.
ಆದರೆ ಅಂಕಲ್ ಬಂದಾಗ ಬಲಗಡೆ ಒಬ್ಬನೇ.
ದೊಡ್ಡಪ್ಪ ಚಿಕ್ಕಪ್ಪ ಸೋದರಮಾವ ಎಲ್ಲ
ಒಂದೇ ಶರಟಿನೊಳಗೆ ತೂರಿಕೊಂಡ ಹಾಗೆ.
ಆಸ್ತಿ ಹಂಚುವಾಗ ಏನು ಮಾಡುತ್ತಾರೋ.

ಬ್ರೆಡ್ಡಿನ ಮೇಲೆ ಹಾಕಿಕೊಳ್ಳುವ ಜಾಮು, ಚೀಸು, ಮೀನಿನ ಹೋಳು
ಎಂದೆಲ್ಲ ಎಡಗಡೆ ಎಳೆದಾಡಿದ್ದಕ್ಕೆ
ಬಲಗಡೆ ಒಂದೇ ಮಾತು, ಪೊಲೆಗ್.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ನೆಂಚಿಕೊಳ್ಳೋದು.
ಆಮೇಲೆ ಅಳಿಸಿದೆ.
ಮಧ್ಯಾಹ್ನ ಡಬ್ಬಿಯ ಮುಚ್ಚಳದಲ್ಲಿ ಹುಚ್ಚೆಳ್ಳು ಪುಡಿ;
ಇದಕ್ಕೂ ದೂರದಲ್ಲೊಬ್ಬ ನೆಂಟನಿದ್ದಾನೆ ಎಂದು
ಇನ್ನೊಂದು ಚಿಟಿಕೆ ಎಣ್ಣೆಗೆ ಕಲಸಿದೆ.

ಪಿ ಅಕ್ಷರದಲ್ಲಿ ಸ್ಕೇಲು ನಿಂತಿತು.
ಎಡಗಡೆ ಪ್ಲೀಸ್. ಬಲಗಡೆ ಖಾಲಿ.
ಕೆಂಪು ಶಾಯಿಯಲ್ಲಿ: ಬಿಟ್ಟುಹೋಗಿದೆಯೇ, ನೋಡಿ.
ಮೂರನೇ ದಿನ ರಾಗ್ನ್‌ಹಿಲ್ಡ್ ಮೇಡಂ ಉತ್ತರ:
ಬಿಟ್ಟುಹೋಗಿಲ್ಲ. ನಮ್ಮಲ್ಲಿ ಅದಕ್ಕೆ ಒಂದು ಮಾತು ಅಂತ ಇಲ್ಲ.
ಸಂದರ್ಭ ನೋಡಿ ಏನೋ ಅನ್ನುತ್ತೇವೆ, ಇಲ್ಲವೇ ದನಿ ತಗ್ಗಿಸುತ್ತೇವೆ.
ಏನು ಹಾಕಲಿ ಎಂದು ನಾನೂ ಯೋಚಿಸುತ್ತಿದ್ದೇನೆ.

ಅವತ್ತು ಸಂಜೆ ಸ್ಯಾಟಲೈಟ್ ಸ್ಟಾಪಿನಲ್ಲಿ ಕಿವಿಗೊಟ್ಟು ನಿಂತೆ.
ದಯವಿಟ್ಟು ಎಂಬುದು ಗೋಡೆಯ ಮೇಲಿತ್ತು,
ಉಗುಳಬೇಡಿ ಎಂಬುದರ ಪಕ್ಕ.
ಬಾಯಲ್ಲಿ ಯಾರೂ ಆಡಲಿಲ್ಲ.
ಸ್ವಲ್ಪ ಜರುಗ್ರೀ.
ಸ್ವಲ್ಪ ಈ ಚೀಲ ಹಿಡ್ಕೊಳಮ್ಮ.
ಸ್ವಲ್ಪ ಚಿಲ್ಲರೆ ಇದ್ರೆ ಕೊಡಿ ಸಾರ್.
ಬಸ್ಸಿಡೀ ಸ್ವಲ್ಪ ಸ್ವಲ್ಪವೇ ಸರಿದು
ನನಗೂ ಒಂದು ಪಾದದಷ್ಟು ಜಾಗವಾಯಿತು.
ಮನೆಯಲ್ಲಿ ಅದೂ ಬೇಕಿಲ್ಲ; ತಂಗಿ
ಟೀವಿಯಿಂದ ಕಣ್ಣು ತೆಗೆಯದೆ ಲೋಟ ಚಾಚುತ್ತಾಳೆ,
ನಾನು ಬಗ್ಗಿಸುತ್ತೇನೆ.

ಮುಂದಿನ ಕರಡಿನಲ್ಲಿ ಪ್ಲೀಸ್ ಎದುರು ಆರು ಸಾಲು ಬಂದವು.
ಆರನ್ನೂ ಓದಿದೆ. ತಪ್ಪಿರಲಿಲ್ಲ.

ಅವರ ಕೊನೆಯ ಅಕ್ಷರ ಆ ಬಳೆ ಹೊತ್ತ ಎ.
ಅದೊಂದೇ ನಿಂತರೂ ಒಂದು ಮಾತು: ಹೊಳೆ.
ನಮ್ಮ ಕೊನೆಯದು ಳ, ಯಾವ ಮಾತನ್ನೂ ತಾನಾಗಿ ಶುರುಮಾಡದ್ದು,
ಹೊಳೆಯ ತುದಿಯಲ್ಲಿ, ಬೆಂಗಳೂರಿನ ನಡುವಿನಲ್ಲಿ ಸಿಕ್ಕುವಂಥದ್ದು.
ಕಿಟಕಿಯಾಚೆ ವೃಷಭಾವತಿ ಕಪ್ಪಗೆ, ನೊರೆ ಕಟ್ಟಿಕೊಂಡು.
ಹೊಳೆ ಅಂದರೆ ಹೊಸ ಹುಡುಗರಿಗೆ ನಗು,
ಮೋರಿ ಅನ್ನಿ ಮೇಡಂ.
ನಾನು ತಿದ್ದಲು ಹೋಗುವುದಿಲ್ಲ.

ಕೊನೆಯ ಪುಟ ಕಳಿಸಿದ ದಿನ ಫೋನಿನಲ್ಲಿ ಕೇಳಿದೆ,
ಅದನ್ನು ಬಾಯಲ್ಲಿ ಹೇಗೆ ಅನ್ನುತ್ತೀರಿ, ಆ ಬಳೆಯದ್ದನ್ನು?
ಆ ತುದಿಯಿಂದ ಬಂತು: ಓ.
ಅಷ್ಟರಲ್ಲಿ ಕೆಳಗಿನಿಂದ ಸಂಪಂಗಿ ಸಾರ್ ಕೂಗು,
ಪ್ರಫುಲ್ಲಾ!
ಕಿವಿಯಲ್ಲಿ ಫೋನು ಹಾಗೇ ಇತ್ತು, ನಾನು ಅಂದೆ,
ಓ.

ಸರಿಯಾಗಿ ಬಂತು, ಎಂದರು ಮೇಡಂ.